ದೋಣಿ ನೀರಿನ ದಾವೆ

ಮೈಂದರ್ಗಿಯೊಳಗ ದೋಣಿ ಅಂದ್ರ
ಹೊಳಿ ದಾಟಿಸೂದಲ್ಲ.
ಮಾಳಿಗಿ ಅಂಚಿಗೆ ಚಾಚಿದ ಕಲ್ಲಿನ ನಾಲಿಗಿ ಅದು;
ಮ್ಯಾಲ ಬಿದ್ದ ಮಳೀನ ಓಣಿಗೆ ಉಗುಳ್ತದ.

ನಮ್ಮ ದೋಣಿ ಉಗುಳಿದ್ದು ಓಣಿಗಲ್ಲ,
ನದಾಫರ ಗ್ವಾಡಿಗೆ.
ಹಂಗಂತ ಮೌಲಾಸಾಬ ನದಾಫ
ನಮ್ಮ ಮುತ್ಯಾನ ಮ್ಯಾಲ
ಅಕ್ಕಲಕೋಟದಾಗ ದಾವೆ ಹೂಡಿದ.
ಯಾ ಇಸವಿ, ಗೊತ್ತಿಲ್ಲ.
ಕಾಗದದಾಗ ಗೆದ್ದಲ ತಿಂದದ್ದು ಅದೊಂದನ್ನ.

ಕಟಕಟಿಯೊಳಗ ಮುತ್ಯಾ ಆಡಿದ್ದು ಒಂದ ಮಾತಂತ:
“ಇಳಿಜಾರು ನಂದ್ರಿ ಸಾಹೇಬ್ರ, ಮಳಿ ನಂದಲ್ಲ.”
ಮರಾಠಿಯೊಳಗ ಅದನ್ನ ಹ್ಯಾಂಗ ಬರಕೊಂಡರೋ,
ಮುಂದಿನ ತಾರೀಖು ಕೊಟ್ಟರು.

ಮಳಿಯರ ಎಷ್ಟು?
ದೋಣಿ ತುಂಬಿ ಹರಿಯೂದು ವರ್ಷಕ್ಕ ಹತ್ತು ಸಲ.
ಅಷ್ಟಕ್ಕ ಎರಡು ಮನಿ ನಡುವ
ಒಂದು ಬೊಗಸಿ ಉಪ್ಪು ಸೈತ ದಾಟಲಿಲ್ಲ.
ಬ್ಯಾಸಿಗ್ಯಾಗ ಇಬ್ಬರ ಕೊಡನೂ
ಒಂದ ಟ್ಯಾಂಕರಿನ ಹಿಂದ ನಿಲ್ತಿದ್ವು,
ನಡುವ ಒಬ್ಬರ ಜಾಗ ಬಿಟ್ಟು.

*

ನಾ ಕುಪ್ಪಸ ಹೊಲಿಯಾಕಿ.
ಕರೆಂಟ ಹೋದ್ರ ಒಂದು ತೋಳು ಇವತ್ತು,
ಇನ್ನೊಂದು ನಾಳಿಗಿ.
ಮಾಳಿಗಿ ನಡುವ ಬೆಳಕಿಂಡಿ ಅದ.
ಅಂಗೈಯಗಲ ಬಿಸಲು ಕೆಳಗಿಳೀತದ,
ಹನ್ನೊಂದಕ್ಕ ಹಗೇವಿನ ಬಾಯಿ ಮ್ಯಾಲ,
ಒಂದಕ್ಕ ಮಷಿನಿನ ಮ್ಯಾಲ.
ಸೂಜಿಗೆ ದಾರ ಪೋಣಿಸೂ ಹೊತ್ತು ಅದ.
ಮಳಿ ಬಂತೋ, ಏರಿ ಹೋಗಿ ಅದಕ್ಕ ಡಬ್ಬ ಮುಚ್ಚಬೇಕು.
ಬಿಸಲು ಒಳಗ, ಮಳಿ ಹೊರಗ.
ಮಾಳಿಗಿಗೆ ತಿಳದಿದ್ದ ನ್ಯಾಯ ಅಷ್ಟ.

ಬಚತ ಗಟದ ಸಾಲದಾಗ ಎರಡು ಸೋಲಾರ ಪ್ಲೇಟ ತಂದೆ.
ಜೋಡಸಾಕ ದುಧನಿಯಾಂವ ಐದನೂರು ಕೇಳಿದ,
ಬರೂದಕ್ಕ.
ಸೊಲ್ಲಾಪುರದಾಗ ಐಟಿಐ ಕಲತಾಕಿ ಇದ್ದಾಕಿ ಮಗ್ಗಲ ಮನಿಯಾಕಿ,
ಮೌಲಾಸಾಬನ ಮೊಮ್ಮಗಳು ಶಮಶಾದ.
ಎರಡು ದಿನ ಕಾದೆ.
ಮೂರನೇ ದಿನ ಐದನೂರು ನೆನಪಾತು.

ನಿಚ್ಚಣಿಕಿ ಏರಿದಾಕಿನ ಅಂದಳು,
“ಮೌಶಿ, ಮೂರರ ಮುಂದ ಇಲ್ಲಿ
ನಮ್ಮ ಅಟ್ಟದ ನೆಳ್ಳು ಬೀಳ್ತದ.
ಅದಕ್ಕೂ ಒಂದು ದಾವೆ ಹಾಕ್ತೀರೇನು?”
ನಕ್ಕಳೋ, ಕೇಳಿದಳೋ,
ಕೆಳಗಿದ್ದಾಕಿಗೆ ತಿಳೀಲಿಲ್ಲ.

ಪ್ಲೇಟ ಕುಂತ್ವು. ಆಕಿ ಇಳೀಲಿಲ್ಲ.
“ಬಿಸಲು ಹಿಡದೀರಿ, ಮಳಿ ಯಾಕ ಬಿಡ್ತೀರಿ?
ಪೈಪು ಹಾಕೂಣು. ನೀರು ಯಾ ಕಡಿ ಓಡ್ತದ?”
ಹನ್ನೊಂದು ಪದರು ಹಾಳಮಣ್ಣು, ಮ್ಯಾಲ ಸಿಮೆಂಟ ಗಿಲಾವು,
ಇಳಿಜಾರು ಯಾರ ಕಣ್ಣಿಗೂ ಹತ್ತವಲ್ದು.

ಟ್ರಂಕ ತಗದೆ. ಸೀರಿ ಕೆಳಗ ದಾವೆ ಕಾಗದ,
ಅದರೊಳಗ ಪಂಚನಾಮೆದ ನಕಾಶ:
ಎರಡೂ ಮಾಳಿಗಿ, ಮೂಲಿ ಮೂಲಿ ಎತ್ತರ,
ಇಂಚಿನ ಮ್ಯಾಲ ಕಾಲಿಂಚು ಲೆಕ್ಕ.
ಸಿಟ್ಟಿನಷ್ಟು ಖರೇ ಅಳಿಯೂ ಗೌಂಡಿ
ನಮ್ಮೂರಾಗ ಹುಟ್ಟಿಲ್ಲ.

ಶಮಶಾದ ಒಂದು ತಂಬಿಗಿ ನೀರು ಸುರುವಿದಳು.
ನೀರು ತುಸು ಯೋಚನಿ ಮಾಡಿ,
ನಕಾಶ ಓದಿದ್ದಂಗ
ಎರಡೂ ಗ್ವಾಡಿ ನಡುವಿನ ಸಂದಿಗೆ ಹೊಂಟಿತು.
ಅವರ ಮಾಳಿಗಿದೂ ಅಲ್ಲೇ ಇಳೀತದಂತ.
ಯಾರದಂತ ಇನ್ನೂ ತೀರ್ಪಾಗದ ಆ ಒಂದೂವರಿ ಮೊಳದಾಗ
ಸಾಲಾಗಿ ಮೂರು ನೀಲಿ ಡ್ರಮ್ಮು ಇಟ್ಟಿವಿ.

*

“ಮೊದಲನೇ ನೀರು ಹಿಡೀಬ್ಯಾಡ್ರಿ,” ಅಂದಿದ್ದಳು,
“ಮಾಳಿಗಿ ತನ್ನ ಹೊಲಸು ತಾ ತೊಳಕೋಲಿ.”
ರೋಹಿಣಿ ಮಳಿ ಬಂತು. ಪೈಪಿನ ತೋಟಿ ತಿರುವಿದೆ.
ಕೆಂಪ ನೀರು ಹಳೇ ದೋಣಿಗುಂಟ
ನದಾಫರ ಹಳೇ ಗ್ವಾಡಿಗೇ ಬಿತ್ತು.

ಶಮಶಾದನ ಅಜ್ಜಿ ಬಾಗಲಿಗೆ ಬಂದು
ನಮ್ಮ ಮುತ್ಯಾನ ಹೆಸರು ಹಿಡದು
ಕೈ ಮುರದು ಬೈದಳು.
ಮುತ್ಯಾ ಸತ್ತು ಇಪ್ಪತ್ತು ವರ್ಷಾತು.

ಆಮ್ಯಾಲ ಒಳಗ ಹೋಗಿ
ಕೊಡ ತಂದು
ಡ್ರಮ್ಮಿನ ಮಗ್ಗಲಿಟ್ಟಳು,
ನನ್ನ ಕೊಡಕ್ಕ ಹತ್ತಿ.